ಹುತ್ತರಿ ಹೊಸ್ತಿಲಲ್ಲಿ ಅಪ್‌ಡೇಟ್ ಬೇಡ
ನಡಿಕೇರಿಯಂಡ ಚಿಣ್ಣಪ್ಪನವರು ಕೊಡವ ಜನಪದ ಹಾಡುಗಳನ್ನು ಕಲೆಹಾಕಿ 1924ರಲ್ಲಿ ‘ಪಟ್ಟೋಲೆ ಪಳಮೆ’ ಅಚ್ಚು ಹಾಕಿಸಿದ್ದರಿಂದ ಪದಗಳು ಉಳಿದವು. ಆಗ ಹಾಡಿದವರ ದನಿ ಉಳಿಯಲಿಲ್ಲ. ಈಗ ದನಿ ಹಿಡಿಯಲು ಒಂದು ಲ್ಯಾಪ್‌ಟಾಪ್, ಒಂದು ಮೈಕ್, ಪುಕ್ಕಟೆ ಸಿಗುವ ಅಡಾಸಿಟಿ ಎಂಬ ಧ್ವನಿಮುದ್ರಣ ತಂತ್ರಾಂಶ ಸಾಕು. ಆದರೆ ಕೊಡಗಿನ ಸುಗ್ಗಿ ಹಬ್ಬವಾದ ಹುತ್ತರಿಯ ಹಾಡು ಹಿಡಿಯಲು ಹೊರಟ ಹಿಂದಿನ ರಾತ್ರಿ ಮಾತ್ರ ‘ಅಪ್‌ಡೇಟ್’ ಒತ್ತಬೇಡಿ. 2021ರಲ್ಲಿ ಬಂದ 3.0 ಆವೃತ್ತಿಯಿಂದ ಅಡಾಸಿಟಿ ಇಡೀ ಪ್ರಾಜೆಕ್ಟನ್ನು ಒಂದೇ ಕಡತದಲ್ಲಿ ಇಡುತ್ತದೆ, ಅದನ್ನು 2.4 ತೆರೆಯಲಾರದು. ಹಳೆಯ ಪ್ರಾಜೆಕ್ಟ್ ಇದ್ದರೆ ಜೊತೆಗಿರುವ ‘ಡೇಟಾ’ ಫೋಲ್ಡರನ್ನೂ ಸೇರಿಸಿ ಬೇರೆ ಡಿಸ್ಕಿಗೆ ನಕಲು ಮಾಡಿ, ವೇವ್ ಕಡತವನ್ನೂ ತೆಗೆದಿಟ್ಟು, ಆಮೇಲೆ ಹೊಸದಕ್ಕೆ ಹೋಗಿ. ಇನ್ನು ದುಡಿ ಎಂಬ ಪುಟ್ಟ ಚರ್ಮವಾದ್ಯ! ನಾಲ್ವರು ಹಾಡುತ್ತ ಬಾರಿಸುವಾಗ ಅದರ ಪೆಟ್ಟು ದನಿಗಿಂತ ಮೇಲೇರುತ್ತದೆ. ಮೀಟರಿನ ತುದಿ ಮೈನಸ್ 12 ಡೆಸಿಬೆಲ್ ಆಸುಪಾಸಿನಲ್ಲಿರಲಿ. ಕೆಂಪು ಮುಟ್ಟಿ ಒಡೆದ ಶಬ್ದವನ್ನು ಸರಿಪಡಿಸುತ್ತೇವೆಂಬ ಫಿಲ್ಟರುಗಳನ್ನು ನಾನಂತೂ ನಂಬುವುದಿಲ್ಲ. ಅರ್ಥಿಂಗ್ ಸರಿಯಿಲ್ಲದ ಹಳೆಯ ಮನೆಯಲ್ಲಿ ‘ಗುಂಯ್’ ಸದ್ದು ಕೇಳಿದರೆ ಚಾರ್ಜರ್ ಕಿತ್ತು ಬ್ಯಾಟರಿಯಲ್ಲೇ ನಡೆಸಿ ನೋಡಿ, ಎಷ್ಟೋ ಸಲ ಅಷ್ಟರಲ್ಲೇ ಸದ್ದು ಅಡಗುತ್ತದೆ.