ಬ್ಯಾಟರಿಯ ಬಿಲ್ಲಿನಲ್ಲಿ ತಯಾರಿಕೆಯ ತಿಂಗಳೂ ಇರಲಿ

ಔಷಧಿ ಅಥವಾ ಬಿಸ್ಕತ್ತಿನ ವರ್ತಕರು ತಯಾರಿಕೆಯ ತಿಂಗಳನ್ನು ನೋಡದೆ ಮಾಲು ಇಳಿಸಿಕೊಳ್ಳುವುದಿಲ್ಲ. ಲ್ಯಾಪ್‌ಟಾಪ್ ಬ್ಯಾಟರಿಗಳ ವಹಿವಾಟಿನಲ್ಲಿ ಈ ಎಚ್ಚರ ಇನ್ನೂ ಬೇರೂರಿಲ್ಲ. ಬಳಸದೆ ಇಟ್ಟ ವಸ್ತು ಹೊಸದಾಗಿಯೇ ಉಳಿಯುತ್ತದೆಂಬ ನಂಬಿಕೆಯೇ ಇದಕ್ಕೆ ಕಾರಣ. ಲೀಥಿಯಂ ಅಯಾನ್ ಬ್ಯಾಟರಿಯ ಮಟ್ಟಿಗೆ ಆ ನಂಬಿಕೆ ನಿರಾಧಾರವಾದುದು.

1991ರಲ್ಲಿ ಸೋನಿ ಸಂಸ್ಥೆ ಮಾರುಕಟ್ಟೆಗೆ ತಂದ ಈ ಬಗೆಯ ಕೋಶವು ಕಾರ್ಖಾನೆಯಿಂದ ಹೊರಬಿದ್ದ ದಿನದಿಂದಲೇ ಮುಪ್ಪಾಗತೊಡಗುತ್ತದೆ. ಒಳಗಿನ ಎಲೆಕ್ಟ್ರೊಲೈಟ್ ದ್ರಾವಣವು ವಿದ್ಯುದ್ವಾರಗಳೊಡನೆ ನಿಧಾನವಾಗಿ ವರ್ತಿಸುತ್ತಲೇ ಇದ್ದು, ಬಳಕೆಗೆ ದೊರೆಯಬೇಕಾದ ಲೀಥಿಯಂ ಸ್ವಲ್ಪ ಸ್ವಲ್ಪವೇ ಕೈಬಿಡುತ್ತದೆ. ಶಾಖ ಮತ್ತು ಪೂರ್ಣ ಚಾರ್ಜು ಎರಡೂ ಈ ಕ್ರಿಯೆಯನ್ನು ತ್ವರಿತಗೊಳಿಸುತ್ತವೆ. ಸುಮಾರು 4.2 ವೋಲ್ಟಿಗೆ ಏರಿದ ಕೋಶಗಳು ಕಲಬುರಗಿಯ ಬೇಸಿಗೆಯಲ್ಲಿ, ತಗಡಿನ ಮಾಡಿನ ಗೋದಾಮಿನಲ್ಲಿ ಕುಳಿತರೆ ಆಗುವ ನಷ್ಟವನ್ನು ವರ್ತಕರೇ ಊಹಿಸಬಹುದು. ಹಾಗೆಂದು ಬರಿದು ಮಾಡಿ ಇಡುವುದೂ ಸಲ್ಲದು. ಬ್ಯಾಟರಿಯೊಳಗಿನ ರಕ್ಷಣಾ ಮಂಡಲವು ಅಲ್ಪ ಪ್ರಮಾಣದ ವಿದ್ಯುತ್ತನ್ನು ಸದಾ ಹೀರುತ್ತಿರುತ್ತದೆ. ವೋಲ್ಟೇಜು ತೀರಾ ಕುಸಿದರೆ ಅದೇ ಮಂಡಲವು ಚಾರ್ಜನ್ನು ನಿರಾಕರಿಸಬಹುದು. ತಂಪಾದ ಸ್ಥಳದಲ್ಲಿ, ಅರೆಬರೆ ಚಾರ್ಜಿನಲ್ಲಿ ಇಡುವುದೇ ಲೇಸು.

ಮೊದಲ ಸಲ ಎಂಟು ಗಂಟೆ ಚಾರ್ಜು ಮಾಡಿ, ಪೂರ್ತಿ ಇಳಿದ ಮೇಲೆಯೇ ಮತ್ತೆ ಹಾಕಿ ಎಂದು ಕೆಲವು ಅಂಗಡಿಗಳಲ್ಲಿ ಇಂದಿಗೂ ಉಪದೇಶಿಸುತ್ತಾರೆ. ಇದು ನಿಕ್ಕಲ್ ಕ್ಯಾಡ್ಮಿಯಂ ಕಾಲದ ಪಾಠ. ಸರಕು ಬದಲಾದರೂ ಮಾರುವವರ ಮಾತು ಬದಲಾಗಿಲ್ಲ.

ಇದಕ್ಕಿಂತ ಗಂಭೀರವಾದುದು ಹಳೆಯ ಕವಚಕ್ಕೆ ಅಗ್ಗದ ಕೋಶಗಳನ್ನು ತುಂಬಿ ಹೊಸದೆಂದು ಮಾರುವ ದಂಧೆ. 2006ರ ಆಗಸ್ಟಿನಲ್ಲಿ ಡೆಲ್ ಸಂಸ್ಥೆಯು ಸೋನಿ ಕೋಶಗಳಿದ್ದ ಸುಮಾರು 41 ಲಕ್ಷ ಬ್ಯಾಟರಿಗಳನ್ನು ಬೆಂಕಿಯ ಅಪಾಯದ ಕಾರಣ ಹಿಂದಕ್ಕೆ ಕರೆಸಿಕೊಂಡಿತು. ಕೋಶದೊಳಗೆ ಸೇರಿದ್ದ ಲೋಹದ ಸೂಕ್ಷ್ಮ ಕಣಗಳೇ ದೋಷದ ಮೂಲವಾಗಿದ್ದವು. ಅಷ್ಟು ದೊಡ್ಡ ಕಾರ್ಖಾನೆಯಲ್ಲೇ ಹೀಗಾಗುವುದಾದರೆ ಹಿಂಬದಿಯ ಕೋಣೆಯಲ್ಲಿ ಬೆಸುಗೆ ಹಾಕಿದ ಬ್ಯಾಟರಿಯ ಗತಿಯೇನು? ಅಲ್ಲಿ ಗುರುತಿನ ಸಂಖ್ಯೆಯನ್ನು ನೋಡಿ ದೋಷವುಳ್ಳ ಮಾಲನ್ನು ಬೇರ್ಪಡಿಸಲು ಸಾಧ್ಯವಾಯಿತು. ಇಲ್ಲಿ ಅವಘಡವಾದರೆ ಹುಡುಕಲು ಸಂಖ್ಯೆಯೇ ಇಲ್ಲ.

ಕಾನೂನು ಇಲ್ಲವೆಂದಲ್ಲ. ಲ್ಯಾಪ್‌ಟಾಪ್‌ನಂತಹ ಒಯ್ಯಬಲ್ಲ ಸಾಧನಗಳ ಲೀಥಿಯಂ ಬ್ಯಾಟರಿಗಳಿಗೆ ಭಾರತೀಯ ಮಾನಕ ಬ್ಯೂರೋದ ನೋಂದಣಿ ಕಡ್ಡಾಯವಾಗಿದೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಬಳಸಿದ ಬ್ಯಾಟರಿಗಳ ಸಂಗ್ರಹಣೆಯ ಹೊಣೆಯನ್ನು ಉತ್ಪಾದಕರ ಮೇಲೆ ಹೊರಿಸಿವೆ. ಆದರೆ ಗಿರಾಕಿಯ ಕೈಗೆ ಹೋಗುವ ಬಿಲ್ಲಿನಲ್ಲಿ ಮಾದರಿಯ ಹೆಸರು, ಬೆಲೆ, ತೆರಿಗೆಗಳ ಹೊರತು ಬೇರೇನನ್ನೂ ಬರೆಯುವ ರೂಢಿ ನಮ್ಮಲ್ಲಿಲ್ಲ.

ತಯಾರಿಕೆಯ ತಿಂಗಳು ಮತ್ತು ಗುರುತಿನ ಸಂಖ್ಯೆಯನ್ನು ಬಿಲ್ಲಿನಲ್ಲಿ ನಮೂದಿಸುವ ಪದ್ಧತಿಯನ್ನು ವರ್ತಕರು ತಾವಾಗಿಯೇ ಆರಂಭಿಸಬೇಕೆಂಬುದು ಈ ಲೇಖಕನ ಸಲಹೆ. ಹಳೆಯ ದಾಸ್ತಾನು ಯಾರ ತಲೆಗೆ ಎಂಬ ಪ್ರಶ್ನೆ ಏಳುವುದು ಸಹಜ. ಲ್ಯಾಪ್‌ಟಾಪ್ ಮಾದರಿಗಳು ಅಸಂಖ್ಯವಾಗಿರುವುದರಿಂದ ಕೆಲವು ಬ್ಯಾಟರಿಗಳು ವರ್ಷಗಟ್ಟಲೆ ಕಪಾಟಿನಲ್ಲಿ ಉಳಿಯುವುದೂ ನಿಜವೇ. ಅಂಥವನ್ನು ತಿಂಗಳು ತಿಳಿಸಿಯೇ ರಿಯಾಯಿತಿಗೆ ಮಾರಬಹುದು. ಮುಂದೆ ಬೇಡಿಕೆ ಬಂದಾಗಲಷ್ಟೇ ತರಿಸಬಹುದು. ಸಗಟು ಸರಬರಾಜುದಾರರು ಇಂತಿಷ್ಟು ತಿಂಗಳಿಗಿಂತ ಹಳೆಯದಾದ ಮಾಲನ್ನು ಕಳುಹಿಸಬಾರದೆಂಬ ಷರತ್ತನ್ನು ಚಿಲ್ಲರೆ ವರ್ತಕರು ಒಬ್ಬೊಬ್ಬರಾಗಿ ಹಾಕಲಾರರು. ಅದನ್ನು ಸಂಘಟಿತವಾಗಿ ಹಾಕಲು ನಮ್ಮ ಸಂಸ್ಥೆಯು ಗಣಕಯಂತ್ರ ವರ್ತಕರ ಸಭೆಯೊಂದನ್ನು, ಮುಂದಿನ ಬೇಸಿಗೆಯ ದಾಸ್ತಾನು ಬರುವುದರೊಳಗೆ, ಕರೆಯುವುದು ಉಚಿತ.