ಮಲಪ್ರಭೆಯ ಕಣಿವೆಯೂ ಹೆದ್ದಾರಿಗಳೂ

ನಾಡಿನಲ್ಲಿ ಹೆದ್ದಾರಿಗಳು ಬೆಳೆಯುತ್ತಿರುವುದು ಸಂತೋಷದ ಸಂಗತಿಯೇ ಸರಿ. ಆದರೆ ವಾಚಕರು ಒಮ್ಮೆ ನಕ್ಷೆಯನ್ನು ಬಿಚ್ಚಿ ಮಲಪ್ರಭೆಯ ಸೀಮೆಯನ್ನು ನೋಡಬೇಕೆಂದು ನಮ್ಮ ವಿನಂತಿ. ಹೊಳೆಯು ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿ, ಪೂರ್ವಾಭಿಮುಖವಾಗಿ ಹರಿದು, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಹೆದ್ದಾರಿಗಳೋ ಉತ್ತರದಕ್ಷಿಣವಾಗಿ ಓಡುತ್ತವೆ. ಪುಣೆ-ಬೆಂಗಳೂರಿನ 48ನೆಯ ಹೆದ್ದಾರಿಯು ಎಂ. ಕೆ. ಹುಬ್ಬಳ್ಳಿಯಲ್ಲಿ ಹೊಳೆಯನ್ನು ದಾಟಿ, ಕಿತ್ತೂರನ್ನು ಮಗ್ಗುಲಿಗೆ ಬಿಟ್ಟು ಧಾರವಾಡಕ್ಕೆ ಇಳಿಯುತ್ತದೆ. ವಿಜಯಪುರದಿಂದ ಹುಬ್ಬಳ್ಳಿಗೆ ಬರುವ 52ನೆಯದು ಕೊಣ್ಣೂರಿನ ಬಳಿ ಹೊಳೆ ದಾಟಿ ನರಗುಂದಕ್ಕೆ ಬರುತ್ತದೆ. ಹೊಸಪೇಟೆಯ ಕಡೆಗೆ ಹೋಗುವ 50ನೆಯದು ಸಂಗಮದ ಸಮೀಪದಿಂದ ಹಾಯ್ದುಹೋಗುತ್ತದೆ. ಈ ಮೂರರಲ್ಲಿ ಒಂದಾದರೂ ಹೊಳೆಯ ಸಂಗಡ ನಡೆಯುವುದಿಲ್ಲ. ಗಂಗಾಂಬಿಕೆಯ ಐಕ್ಯಮಂಟಪವಿರುವ ಎಂ. ಕೆ. ಹುಬ್ಬಳ್ಳಿಯಿಂದ ಬಸವಣ್ಣನವರ ಐಕ್ಯಸ್ಥಳಕ್ಕೆ ಹೊಳೆಗುಂಟ ಹೋಗುತ್ತೇನೆಂಬ ಯಾತ್ರಿಕನು ಸಣ್ಣಪುಟ್ಟ ಸಡಕುಗಳನ್ನು ಕೂಡಿಸಿಕೊಂಡೇ ಹೋಗತಕ್ಕದ್ದು.

ಈ ಕಣಿವೆಯ ಊರುಗಳಾದರೂ ಎಂಥವು! 543ರಲ್ಲಿ ಒಂದನೆಯ ಪುಲಿಕೇಶಿಯು ಬಾದಾಮಿಯ ಬೆಟ್ಟವನ್ನು ದುರ್ಗವಾಗಿಸಿದನೆಂದು ಅಲ್ಲಿಯ ಬಂಡೆಯೇ ಹೇಳುತ್ತದೆ. 634ರಲ್ಲಿ ರವಿಕೀರ್ತಿಯು ಇಮ್ಮಡಿ ಪುಲಿಕೇಶಿಯ ದಿಗ್ವಿಜಯವನ್ನು ಐಹೊಳೆಯ ಮೇಗುತಿಯಲ್ಲಿ ಬರೆಯಿಸಿದನು. ಪತಿಯು ಕಂಚಿಯನ್ನು ಗೆದ್ದುದರ ನೆನಪಿಗಾಗಿ ಲೋಕಮಹಾದೇವಿಯು ಕಟ್ಟಿಸಿದ ಗುಡಿ ಪಟ್ಟದಕಲ್ಲಿನಲ್ಲಿ ನಿಂತಿದೆ. ಇದೆಲ್ಲ ಉಪಾಧ್ಯಾಯರಿಗೆ ಹೊಸದಲ್ಲ. ಆದರೆ ಐಹೊಳೆಯು ಗುಡಿಗಳಿಂದ ಮಾತ್ರ ದೊಡ್ಡ ಊರಾದುದಲ್ಲವೆಂಬುದನ್ನು ನಾವು ಮರೆಯುತ್ತೇವೆ. ಅಯ್ಯಾವೊಳೆಯ ಐನೂರ್ವರೆಂಬ ವರ್ತಕರ ಸಂಘವು ಈ ಊರಿನ ಹೆಸರನ್ನೇ ಹೊತ್ತು ದಕ್ಷಿಣಾಪಥವನ್ನೆಲ್ಲ ಸುತ್ತಿತು. ಸುಮಾತ್ರಾ ದ್ವೀಪದ ಬಾರೂಸಿನಲ್ಲಿ ದೊರೆತ 1088ರ ತಮಿಳು ಶಾಸನದಲ್ಲಿಯೂ ಐನೂರ್ವರ ಹೆಸರಿದೆ. ದಾರಿಗಳಿಂದಲೇ ಬದುಕಿದ ಊರು ಇಂದು ದಾರಿಯಿಂದ ದೂರವಾಗಿ ಕುಳಿತಿದೆ.

ಈಗ ಆಗುತ್ತಿರುವುದೇನು? ಪ್ರವಾಸಿಗನು ಬೆಳಗಿನಲ್ಲಿ ಹುಬ್ಬಳ್ಳಿಯಿಂದ ಬಾಡಿಗೆಯ ಮೋಟಾರಿನಲ್ಲಿ ಹೊರಟು, ಕುಳಗೇರಿ ಕ್ರಾಸಿನಲ್ಲಿ ಹೆದ್ದಾರಿ ಬಿಟ್ಟು, ಮೂರು ಊರುಗಳ ಗುಡಿಗಳನ್ನು ಒಂದೇ ಹಗಲಿನಲ್ಲಿ ನೋಡಿ ಸಂಜೆಗೆ ಮರಳುತ್ತಾನೆ. ಗುಳೇದಗುಡ್ಡದ ಖಣ ನೇಯುವವನ ಮಗ್ಗದ ಸದ್ದು ಅವನ ಕಿವಿಗೆ ಬೀಳುವುದಿಲ್ಲ. ಅಮೀನಗಡದ ಕರದಂಟಿನ ಅಂಗಡಿಯವರೆಗೂ ಅವನು ಹೋಗುವುದಿಲ್ಲ. ರಾಮದುರ್ಗದ, ಸವದತ್ತಿಯ ಪೇಟೆಗಳ ಮಾತಂತೂ ಬೇಡ. (ನಮ್ಮ ಶಾಲೆಗಳ ಪ್ರವಾಸಗಳು ಇದಕ್ಕಿಂತ ಬೇರೆಯಾಗಿವೆಯೆಂದು ಎದೆ ತಟ್ಟಿ ಹೇಳಬಲ್ಲವರು ಎಷ್ಟು ಮಂದಿ?)

ಇದಕ್ಕೆ ಪರಿಹಾರವಾಗಿ ಕೆಲವರು ನಾಲ್ಕು ಪಥದ ಹೆದ್ದಾರಿಯನ್ನೇ ಗುಡಿಗಳ ಬಾಗಿಲಿಗೆ ತನ್ನಿರೆನ್ನುತ್ತಾರೆ. ನಾವು ಇದನ್ನು ಒಪ್ಪಲಾರೆವು. ಬಾದಾಮಿಯ ಇಕ್ಕಟ್ಟಾದ ಪೇಟೆಯಲ್ಲಿ ಸಡಕನ್ನು ಅಷ್ಟು ಅಗಲಿಸಿದರೆ ಸಡಕು ಉಳಿದೀತು, ಪೇಟೆ ಉಳಿಯದು. ಇನ್ನು ಕೆಲವರು ಐಹೊಳೆಯ ಜನರನ್ನೇ ಎಬ್ಬಿಸಿ ಬೇರೆಡೆಗೆ ಸಾಗಿಸಬೇಕೆನ್ನುತ್ತಾರೆ. ಈ ಮಾತು ಬಹುವರ್ಷಗಳಿಂದ ನಡೆದಿದೆ. ಲಾಡಖಾನನ ಗುಡಿಯೆಂಬ ಹೆಸರೇ ಅಲ್ಲಿ ಜನರು ಗುಡಿಗಳೊಡನೆ ಬಾಳಿದುದಕ್ಕೆ ಸಾಕ್ಷಿಯಾಗಿದೆ. 2010ರ ಕಾಯದೆಯು ರಕ್ಷಿತ ಸ್ಮಾರಕದಿಂದ 100 ಮೀಟರಿನೊಳಗೆ ಹೊಸ ಕಟ್ಟಡವನ್ನು ನಿಷೇಧಿಸಿದೆ, ಅದರಾಚೆಯ 200 ಮೀಟರಿನಲ್ಲಿ ಅಪ್ಪಣೆಯಿಲ್ಲದೆ ಕಟ್ಟಕೂಡದೆಂದಿದೆ. ಹಳೆಯ ಮನೆಯ ಗೋಡೆಯನ್ನು ದುರಸ್ತಿ ಮಾಡಿಸಲಿಕ್ಕೂ ಬಡವನು ಅಪ್ಪಣೆ ಬೇಡಬೇಕು. ಕಾಯದೆ ಇರಲಿ, ಬೇಡವೆನ್ನುವವರು ನಾವಲ್ಲ. ಆದರೆ ಆ ಅಪ್ಪಣೆಯು ಅವನ ಊರಿನಲ್ಲಿಯೇ, ಅವನ ಭಾಷೆಯಲ್ಲಿಯೇ, ತಿಂಗಳೊಪ್ಪತ್ತಿನಲ್ಲಿ ದೊರೆಯುವಂತಾಗಲಿ. ಊರನ್ನೆಬ್ಬಿಸಿದ ಮೇಲೆ ಉಳಿಯುವ ಐಹೊಳೆಯು ಕಲ್ಲಿನ ವಸ್ತುಸಂಗ್ರಹವಾದೀತೇ ಹೊರತು ಊರಾಗದು.

ನಮಗೆ ಬೇಕಾದುದು ಹೆದ್ದಾರಿಯಲ್ಲ, ಹೊಳೆಗುಂಟ ಹೋಗುವ ಒಂದು ಗಟ್ಟಿಯಾದ ಸಡಕು. ಸವದತ್ತಿಯಿಂದ ರಾಮದುರ್ಗ, ಬಾದಾಮಿ, ಪಟ್ಟದಕಲ್ಲು, ಐಹೊಳೆಗಳ ಮೇಲೆ ಸಂಗಮದವರೆಗೆ ಎರಡು ಬಸ್ಸುಗಳು ಎದುರುಬದುರಾಗಿ ಸರಾಗವಾಗಿ ಹೋಗುವಷ್ಟು ಅಗಲವಿದ್ದರೆ ಸಾಕು. ಎರಡೂ ಮಗ್ಗುಲಿಗೆ ಬೇವು ಹುಣಸೆಗಳ ನೆರಳಿರಲಿ. ಮೋಟಾರುಗಳು ಊರ ಹೊರಗೆಯೇ ನಿಲ್ಲಲಿ. ರಾತ್ರಿ ತಂಗುವವನಿಗೆ ಸಾಧಾರಣ ದರದ ಕೋಣೆ ಪ್ರತಿ ಊರಿನಲ್ಲಿಯೂ ಸಿಕ್ಕಲಿ. 2019ರ ಆಗಸ್ಟಿನಲ್ಲಿ ಪಟ್ಟದಕಲ್ಲಿನ ಗುಡಿಗಳೊಳಗೇ ಹೊಳೆಯ ನೀರು ನುಗ್ಗಿತು. ಆದುದರಿಂದ ಸಡಕಿನ ಸೇತುವೆಗಳು ಆ ನೀರಿನ ಮಟ್ಟಕ್ಕಿಂತ ಮೇಲಿರತಕ್ಕದ್ದು.

ಇದು ಯಾರ ಕೆಲಸವೆಂಬ ಪ್ರಶ್ನೆಯಲ್ಲಿಯೇ ತೊಡಕು ಇದೆ. ಹಿಂದೆ ಈ ಹೊಳೆಯು ಮುಂಬಯಿ ಪ್ರಾಂತದ ಜಿಲ್ಲೆಗಳಲ್ಲಿಯೂ ರಾಮದುರ್ಗದ ಸಂಸ್ಥಾನದಲ್ಲಿಯೂ ಹರಿಯುತ್ತಿತ್ತು. ಸಂಸ್ಥಾನವು 1948ರಲ್ಲಿ ಮುಂಬಯಿಯಲ್ಲಿ ವಿಲೀನವಾಯಿತು. 1956ರ ನವೆಂಬರ 1ರಂದು ಕಣಿವೆಯೆಲ್ಲ ಕನ್ನಡಿಗರ ಒಂದೇ ರಾಜ್ಯಕ್ಕೆ ಸೇರಿತು. 1997ರಲ್ಲಿ ಗದಗ, ಬಾಗಲಕೋಟೆ ಎಂಬ ಹೊಸ ಜಿಲ್ಲೆಗಳಾದವು. ಇಂದು ಬೆಳಗಾವಿಯ ಸಡಕು ಬೆಳಗಾವಿಯ ಎಲ್ಲೆಗೆ ಮುಗಿಯುತ್ತದೆ, ಬಾಗಲಕೋಟೆಯದು ಬಾಗಲಕೋಟೆಯ ಎಲ್ಲೆಯಿಂದ ಮೊದಲಾಗುತ್ತದೆ. ಅಷ್ಟು ಹೆಣಗಿ ಒಂದಾದ ನಾಡಿನಲ್ಲಿ ಒಂದು ಹೊಳೆಯ ಸಡಕಿಗೆ ಮೂರು ಜಿಲ್ಲೆಗಳ ಎಲ್ಲೆ ಅಡ್ಡವಾಗುವುದೆಂದರೆ ನಗಬೇಕೋ ಅಳಬೇಕೋ ತಿಳಿಯದು. ಮೂರೂ ಜಿಲ್ಲೆಗಳ ಪಂಚಾಯತಿಗಳವರೂ ಲೋಕೋಪಯೋಗಿ ಇಲಾಖೆಯ ಇಂಜಿನಿಯರರೂ ಬರುವ ಮಳೆಗಾಲಕ್ಕಿಂತ ಮೊದಲು ಬಾದಾಮಿಯಲ್ಲಿ ಒಂದೆಡೆ ಕುಳಿತು, ಯಾವ ಸೇತುವೆಯನ್ನು ಮೊದಲು ಎತ್ತರಿಸತಕ್ಕದ್ದೆಂಬುದನ್ನಾದರೂ ಗೊತ್ತುಮಾಡಲಿ.