ಕಟ್ಟಡದ ಕೆಲಸವನ್ನು ಅಳೆಯುವ ಕೋಲು

ಒಂದು ಗಂಟೆಯ ದುಡಿಮೆಯಿಂದ ಎಷ್ಟು ಕೆಲಸವಾಯಿತೆಂಬ ಲೆಕ್ಕಕ್ಕೆ ಉತ್ಪಾದಕತೆಯೆಂದು ಹೆಸರು. ಇಟ್ಟಿಗೆ ಕಟ್ಟುವವನ ವಿಷಯದಲ್ಲಿ ಈ ಲೆಕ್ಕ ಸುಲಭವಾದುದು. ಅಮೆರಿಕದ ಫ್ರಾಂಕ್ ಗಿಲ್‌ಬ್ರೆತ್ ಎಂಬ ಗುತ್ತಿಗೆದಾರನು ಗಾರೆಯವರ ಕೈಚಲನೆಗಳನ್ನು ಪರೀಕ್ಷಿಸಿ, ಒಂದು ಇಟ್ಟಿಗೆಗೆ ಬೇಕಾಗುತ್ತಿದ್ದ 18 ಚಲನೆಗಳನ್ನು 5ಕ್ಕೆ ಇಳಿಸಿದನು. ಗಂಟೆಗೆ 120 ಇಟ್ಟಿಗೆ ಇಡುತ್ತಿದ್ದಲ್ಲಿ 350 ಇಡುವುದು ಸಾಧ್ಯವಾಯಿತೆಂದು ಟೇಲರನು 1911ರ ತನ್ನ ಗ್ರಂಥದಲ್ಲಿ ಹೇಳಿದ್ದಾನೆ.

ಆದರೆ ಇಡೀ ದೇಶದ ಕಟ್ಟಡಗಳನ್ನು ಇಟ್ಟಿಗೆಯ ಲೆಕ್ಕದಲ್ಲಿ ಕೂಡಿಸಲಾಗದು. ಸೇತುವೆ, ಆಸ್ಪತ್ರೆ, ವಾಸದ ಮನೆ ಇವೆಲ್ಲವನ್ನೂ ಹಣಕ್ಕೆ ಪರಿವರ್ತಿಸಿ, ಬೆಲೆ ಏರಿದ ಪ್ರಮಾಣದಿಂದ ಭಾಗಿಸಬೇಕು. ತೊಡಕು ಇರುವುದು ಇಲ್ಲಿಯೇ. ಒಂದು ಕಟ್ಟಡದಂತೆ ಇನ್ನೊಂದಿರುವುದಿಲ್ಲವಾದುದರಿಂದ, ಕಟ್ಟಡದ ಬೆಲೆಗೆ ಬದಲಾಗಿ ಕೂಲಿ ಮತ್ತು ಸಾಮಗ್ರಿಗಳ ಬೆಲೆಯನ್ನೇ ಸೂಚ್ಯಂಕವಾಗಿ ಹಿಡಿದಿರುವುದುಂಟು.

ಇದರ ಪರಿಣಾಮವನ್ನು ನೋಡೋಣ. ಸಾಮಗ್ರಿಯ ಮಾತು ಹಾಗಿರಲಿ. ಗಂಟೆಗೆ 100 ರೂಪಾಯಿ ಕೂಲಿಯಂತೆ 1,000 ಗಂಟೆಗಳಲ್ಲಿ ಕಟ್ಟಿದ ಮನೆಯ ಬೆಲೆ ಒಂದು ಲಕ್ಷ. ಮುಂದೆ ಅಂಥದೇ ಮನೆಯನ್ನು 500 ಗಂಟೆಗಳಲ್ಲಿ, 200 ರೂಪಾಯಿ ಕೂಲಿಗೆ ಕಟ್ಟಿದರೆ ಬೆಲೆ ಆಗಲೂ ಒಂದು ಲಕ್ಷವೇ. ಉತ್ಪಾದಕತೆ ಇಮ್ಮಡಿಯಾಯಿತು. ಆದರೆ ಕೂಲಿಯ ಸೂಚ್ಯಂಕವೂ ಇಮ್ಮಡಿಯಾದುದರಿಂದ ಆ ಲಕ್ಷವನ್ನು ಐವತ್ತು ಸಾವಿರವೆಂದು ಎಣಿಸುತ್ತೇವೆ. 500ರಿಂದ ಭಾಗಿಸಿದರೆ ಬರುವುದು ಹಿಂದಿನ 100 ರೂಪಾಯಿಯೇ! ಕಾದ ಕಬ್ಬಿಣದ ಸರಳನ್ನು ಅಷ್ಟೇ ಕಾದ ಕಬ್ಬಿಣದ ಅಳತೆಪಟ್ಟಿಯಿಂದ ಅಳೆದರೆ ಅದು ಹಿಗ್ಗಿದುದು ತಿಳಿಯುವುದೆ?

ಹಾಗೆಂದು ದೋಷವೆಲ್ಲ ಅಳತೆಗೋಲಿನದೇ ಎನ್ನುವಂತಿಲ್ಲ. ಅಮೆರಿಕದ ಕಟ್ಟಡ ಉದ್ಯಮದಲ್ಲಿ ತಲಾ ಕೆಲಸಗಾರನ ಉತ್ಪನ್ನವು 1970ಕ್ಕಿಂತ 2020ರಲ್ಲಿ ಸುಮಾರು ಶೇಕಡಾ 40ರಷ್ಟು ಕಡಿಮೆಯಾಗಿತ್ತೆಂಬ ಸರ್ಕಾರಿ ಅಂಕಿಗಳನ್ನು ಗೂಲ್ಸ್‌ಬೀ ಮತ್ತು ಸೈವರ್ಸನ್ ಎಂಬ ಅರ್ಥಶಾಸ್ತ್ರಜ್ಞರು 2023ರಲ್ಲಿ ಪರಿಶೀಲಿಸಿದರು. ಹಣವನ್ನು ಬದಿಗಿಟ್ಟು ತಲಾ ಕೆಲಸಗಾರನಿಗೆ ಎಷ್ಟು ಮನೆಗಳೆಂದು ಎಣಿಸಿದಾಗಲೂ ಅವರಿಗೆ ಏಳಿಗೆ ಕಾಣಲಿಲ್ಲ. ಸ್ವತಂತ್ರವಾದ ಎರಡನೆಯ ಅಳತೆಯ ಪ್ರಯೋಜನವೆಂದರೆ ಇದೇ.

ಆದುದರಿಂದ ಹಣದ ಲೆಕ್ಕದ ಪಕ್ಕದಲ್ಲಿಯೇ ಕಟ್ಟಿದ ಚದರಡಿಗಳನ್ನೂ ದುಡಿದ ಗಂಟೆಗಳನ್ನೂ ಪ್ರಕಟಿಸುವುದು ಸರ್ಕಾರಗಳ ಕರ್ತವ್ಯವೆಂದು ನನ್ನ ಅಭಿಪ್ರಾಯ. ಕಟ್ಟಡದ ಭದ್ರತೆ, ಕೆಲಸಗಾರರ ಸುರಕ್ಷತೆಗಳಿಗೂ ಆ ಪಟ್ಟಿಯಲ್ಲಿ ಸ್ಥಳವಿರಬೇಕು. ಅವುಗಳಿಗಾಗಿ ಕಳೆದ ಗಂಟೆ ವ್ಯರ್ಥವಲ್ಲ. ಅಂಕಿ ತಗ್ಗಿದಾಗ ಅಪವಾದ ಬರುವುದು ಬಿಸಿಲಿನಲ್ಲಿ ಗಾರೆ ಹೊರುವವನ ಮೇಲೆ. ಅವನನ್ನು ಸೋಮಾರಿಯೆನ್ನುವ ಮೊದಲು, ಅಳತೆಗೋಲನ್ನು ಪರೀಕ್ಷಿಸುವುದು ವಿಜ್ಞಾನದ ವಿದ್ಯಾರ್ಥಿಗೆ ಒಪ್ಪುವ ನಡತೆ.